ಎದ್ದು ಹೋಗಿ ವಾಪಸ್ ಬಂದ ಕಾಡು

ಹೋದ ವರ್ಷ ಜುಲೈನಲ್ಲಿ ಡೆನ್ವರ್‌ನಿಂದ ಯೆಲ್ಲೋಸ್ಟೋನ್‌ಗೆ ಹೊರಟಿದ್ವಿ, ನಾನು, ನಮ್ಮನೆಯವರು, 9 ವರ್ಷದ ಮಗಳು. ದಾರಿಲಿ ಒಂದು ಜಾಗಕ್ಕೆ ಹೋಗ್ಲೇಬೇಕು ಅಂತ ನಾನು ಹಟ ಹಿಡಿದಿದ್ದೆ, ವಯೋಮಿಂಗ್‌ನ ಬಿಗ್‌ಹಾರ್ನ್ ಬೇಸಿನ್, ಸುತ್ತ ಬೆಟ್ಟ ಇರೋ ದೊಡ್ಡ ಬೋಗುಣಿ ಥರದ ಬಯಲು. ಥರ್ಮೊಪೊಲಿಸ್ ದಾಟಿ ವರ್ಲ್ಯಾಂಡ್ ಕಡೆ ಬಂದ್ರೆ ಎರಡೂ ಕಡೆ ಬೋಳು ಗುಡ್ಡಗಳು, ಒಂದು ಮರ ಇಲ್ಲ, ಮೊಣಕಾಲೆತ್ತರದ ಬೂದು ಬಣ್ಣದ ಪೊದೆ ಬಿಟ್ರೆ ಹಸಿರು ಅನ್ನೋದೇ ಕಾಣಲ್ಲ. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬಿದ್ರೆ ಹೆಚ್ಚು, ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಜುಲೈನಲ್ಲಿ ಎರಡು ಮೂರು ದಿನಕ್ಕೇ ಅಷ್ಟು ಹೊಯ್ದುಬಿಡತ್ತೆ. ಆ ಗುಡ್ಡಗಳ ಮೈಮೇಲೆ ಮಾತ್ರ ಪಟ್ಟೆ ಪಟ್ಟೆ ಬಣ್ಣ, ಬೂದಿ, ಹಳದಿ, ಅದರ ಮೇಲೆ ಕೆಂಪು, ನೇರಳೆಹಣ್ಣು ತಿಂದ ನಾಲಿಗೆ ಥರದ ಬಣ್ಣ. ಅಲ್ಲಿ ಗಾಡಿ ನಿಲ್ಲಿಸಿ ಇಳಿದೆ, 35 ಡಿಗ್ರಿ ಬಿಸಿಲು, ಮಗಳು ಕೇಳಿದ್ಲು, ಅಮ್ಮಾ ಇಲ್ಲೇನಿದೆ ನೋಡೋಕೆ ಅಂತ. ಇಲ್ಲಿ ಒಂದು ಕಾಡಿತ್ತು ಪುಟ್ಟಿ, ಅದು ಎದ್ದು ಹೋಯ್ತು, ಆಮೇಲೆ ವಾಪಸ್ ಬಂತು ಅಂದೆ. ಅವಳು ನಂಬಲಿಲ್ಲ, ಈ ಪೋಸ್ಟ್ ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೀತಿರೋದು.

ನಾನು ಜಿಯಾಲಜಿ ಓದಿದವಳಲ್ಲ. ಆದ್ರೆ ಎಲೆ ಜೊತೆ ಬೆಳೆದವಳು. ಊರಲ್ಲಿ ಬೇಸಿಗೆ ಬಂತು ಅಂದ್ರೆ ಅಪ್ಪಯ್ಯನ ಜೊತೆ ಸೊಪ್ಪಿನಬೆಟ್ಟಕ್ಕೆ (ಸೊಪ್ಪು ತರೋ ಕಾಡು) ಹೋಗಿ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ ಕಲ್ಲಿ ಅನ್ನೋ ಹಗ್ಗದ ಬಲೆಗೆ ತುಂಬಿಸಿ ಕೊಟ್ಟಿಗೆಗೆ ತರೋದು ನಮ್ಮ ಕೆಲಸ, ಆಗ ಕೈಗೆ ಸಿಕ್ಕ ಒಣಗಿದ ಎಲೆ ಯಾವ ಮರದ್ದು ಅಂತ ಹೇಳೋದೇ ನಮಗೆ ಆಟ. ಮಳೆಗಾಲ ಮುಗಿದ ಮೇಲೆ ಹಳ್ಳದ ಬದಿಯ ಕೆಸರಲ್ಲಿ ಎಲೆ ಅಂಟಿಕೊಂಡಿರತ್ತೆ, ಅದನ್ನ ಮೆಲ್ಲಗೆ ಎತ್ತಿದ್ರೆ ಕೆಳಗೆ ಕೆಸರಲ್ಲಿ ನರ ನರ ಸಮೇತ ಅಚ್ಚು ಬಿದ್ದಿರತ್ತೆ, ನೋಡಿದೀರಾ? ಎಲೆ ಪಳೆಯುಳಿಕೆ ಅಂದ್ರೆ ಅಷ್ಟೇ. ಆ ಕೆಸರಿನ ಮೇಲೆ ಇನ್ನೊಂದು ನೆರೆ ಬಂದು ಇನ್ನೊಂದು ಪದರ ನಯವಾದ ಮಣ್ಣು ಕೂತು, ಗಾಳಿ ತಾಗದೆ ಕೊಳೆಯದೆ ಉಳಿದು, ಮೇಲೆ ನೂರಾರು ಮೀಟರ್ ಮಣ್ಣು ಬಿದ್ದು ಒತ್ತಿ ಕಲ್ಲಾಗಿರೋದು. ಅಂದ್ರೆ ಅದು ಯಾವುದೋ ಕಾಡಿನ ದರಕು.

ವಿಷಯ ಏನಪ್ಪಾ ಅಂದ್ರೆ, 5 ಕೋಟಿ 60 ಲಕ್ಷ ವರ್ಷದ ಹಿಂದೆ ಭೂಮಿ ಒಂದ್ಸಲ ಸಿಕ್ಕಾಪಟ್ಟೆ ಬಿಸಿಯಾಯ್ತು. ಪೇಲಿಯೊಸೀನ್ ಅನ್ನೋ ಯುಗ ಮುಗಿದು ಇಯೊಸೀನ್ ಶುರುವಾಗೋ ಗಡಿಲಿ ಆಗಿದ್ದು, ಅದಕ್ಕೆ ಪಿಇಟಿಎಂ (ಪೇಲಿಯೊಸೀನ್-ಇಯೊಸೀನ್ ಥರ್ಮಲ್ ಮ್ಯಾಕ್ಸಿಮಮ್) ಅಂತ ಕರೀತಾರೆ. ಕೆಲವು ಸಾವಿರ ವರ್ಷಗಳಲ್ಲಿ ಭಾರೀ ಪ್ರಮಾಣದ ಕಾರ್ಬನ್ ಗಾಳಿಗೂ ಸಮುದ್ರಕ್ಕೂ ಸೇರ್ತು, ಉತ್ತರ ಅಟ್ಲಾಂಟಿಕ್ ಬಿರುಕು ಬಿಡ್ತಿದ್ದಾಗಿನ ಜ್ವಾಲಾಮುಖಿಗಳು ಅದಕ್ಕೆ ದೊಡ್ಡ ಕಾರಣ ಅಂತ ಬಹಳ ಜನ ಹೇಳ್ತಾರೆ, ಭೂಮಿಯ ಸರಾಸರಿ ಉಷ್ಣಾಂಶ 5ರಿಂದ 6 ಡಿಗ್ರಿ ಏರ್ತು, ಆ ಬಿಸಿ 1 ಲಕ್ಷ ವರ್ಷಕ್ಕೂ ಮೀರಿ ಹಾಗೇ ಉಳಿದು ಆಮೇಲೆ ನಿಧಾನಕ್ಕೆ ಇಳೀತು. ಇದು ಮೊದಲು ಗೊತ್ತಾಗಿದ್ದು ಅಂಟಾರ್ಕ್ಟಿಕಾ ಹತ್ರ ಸಮುದ್ರದ ತಳ ಕೊರೆದಾಗ, ಕೆನೆಟ್ ಮತ್ತು ಸ್ಟಾಟ್ ಅನ್ನೋರು 1991ರಲ್ಲಿ ಬರೆದ್ರು. ಮರುವರ್ಷ 1992ರಲ್ಲಿ ಕಾಕ್, ಝಾಕೊಸ್, ಜಿಂಜರಿಚ್ ಮೂವರು ಸೇರಿ ಅದೇ ಕಾರ್ಬನ್ ಗುರುತು (ಹಗುರ ಜಾತಿಯ ಕಾರ್ಬನ್ ಒಮ್ಮೆಲೇ ಜಾಸ್ತಿ ಆಗಿದ್ದು) ಇದೇ ಬಿಗ್‌ಹಾರ್ನ್‌ನ ಹಳೇ ಮಣ್ಣಲ್ಲೂ ಪ್ರಾಣಿಗಳ ಹಲ್ಲಿನಲ್ಲೂ ಇದೆ ಅಂತ ತೋರಿಸಿದ್ರು. ಸಮುದ್ರದ ತಳದಲ್ಲೂ ವಯೋಮಿಂಗ್‌ನ ಒಣ ಗುಡ್ಡದಲ್ಲೂ ಒಂದೇ ಸಹಿ.

ಪ್ರಾಣಿಗಳ ಕಥೆ ಬೇಗ ಸಿಕ್ತು, ಯಾಕಂದ್ರೆ ಹಲ್ಲು ಗಟ್ಟಿ. ಆಗಿನ ಕುದುರೆ ಮೊದಲೇ ಬೆಕ್ಕಿನ ಗಾತ್ರದ್ದು, ಬಿಸಿ ಕಾಲದಲ್ಲಿ ಇನ್ನೂ ಶೇಕಡಾ 30ರಷ್ಟು ಕುಗ್ಗಿ ಹೋಗಿತ್ತಂತೆ! ಆದ್ರೆ ಎಲೆ ಸಿಗ್ತಿರ್ಲಿಲ್ಲ. ಬಿಸಿಗೆ ಮುಂಚಿನ ಪದರದಲ್ಲಿ ರಾಶಿ ರಾಶಿ ಎಲೆ, ಆಮೇಲಿನ ಪದರದಲ್ಲೂ ಇದ್ದಾವೆ, ನಡುವಿನ ಆ ಕೆಂಪು ಪಟ್ಟೆಗಳಲ್ಲಿ ಮಾತ್ರ ಇಲ್ಲ. ಕೆಂಪು ಬಣ್ಣ ಬರೋದೇ ಮಣ್ಣು ಒಣಗಿ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿದಾಗ, ಅಂಥ ಮಣ್ಣಲ್ಲಿ ಎಲೆ ಉಳಿಯತ್ತಾ, ಗೆದ್ದಲು ತಿಂದು ಮುಗಿಸತ್ತೆ. ಸ್ಮಿತ್ಸೋನಿಯನ್ ಮ್ಯೂಸಿಯಂನ ಸ್ಕಾಟ್ ವಿಂಗ್ ಅಂತ ಒಬ್ರು ವಿಜ್ಞಾನಿ, ಸ್ಟೂಡೆಂಟ್ ಆಗಿದ್ದಾಗಿಂದ ಈ ಬೇಸಿನ್‌ಗೆ ಬರ್ತಿದ್ದೋರು, ಬೇಸಿಗೆ ಬೇಸಿಗೆ ಬಂದು ಈ ಗುಡ್ಡಗಳ ಬುಡ ಸುತ್ತಿ ಅಗೆದು ಬರಿಗೈಲಿ ವಾಪಸ್ ಹೋಗಿ ಮತ್ತೆ ಬಂದು, ವರ್ಷಗಟ್ಟಲೆ ಹುಡುಕಿದ್ಮೇಲೆ ಕೊನೆಗೂ ಆ ನಡುವಿನ ಕಾಲದ ಎಲೆಗಳು ಸಿಕ್ಕಿದ್ವು. 2005ರಲ್ಲಿ ಅವರೂ ಅವರ ಜೊತೆಯವರೂ ಸೈನ್ಸ್ ಪತ್ರಿಕೆಲಿ ಅದನ್ನ ಪ್ರಕಟ ಮಾಡಿದ್ರು. ನಾನು ಆ ಪೇಪರ್ ಓದಿದ್ದು ಬಹಳ ತಡವಾಗಿ, ಓದಿದ ದಿನ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ.

ಯಾಕಂದ್ರೆ ನೋಡಿ. ಬಿಸಿಗೆ ಮುಂಚೆ ಅಲ್ಲಿದ್ದ ಕಾಡು ಯಾವುದು? ಮೆಟಾಸಿಕ್ವೋಯಾ ಅನ್ನೋ ಸೂಜಿ ಎಲೆಯ ಎತ್ತರದ ಮರ, ನೀರಲ್ಲಿ ನಿಲ್ಲೋ ಸೈಪ್ರೆಸ್ ಜಾತಿಯವು, ಬರ್ಚ್ ಮತ್ತು ವಾಲ್ನಟ್ ಕುಟುಂಬದವು, ಸಿಕಮೋರ್, ಗಿಂಕ್ಗೊ. ಚಳಿಗಾಲದಲ್ಲಿ ಎಲೆ ಉದುರಿಸೋ ತಂಪು ಕಡೆಯ ಮರಗಳೇ ಜಾಸ್ತಿ. ಬಿಸಿ ಕಾಲದ ಪದರಕ್ಕೆ ಬಂದ್ರೆ ಇವು ಹೆಚ್ಚುಕಡಿಮೆ ಪೂರ್ತಿ ಮಾಯ. ಕೋನಿಫರ್, ಅಂದ್ರೆ ಮೆಟಾಸಿಕ್ವೋಯಾ, ಸೈಪ್ರೆಸ್ ಥರದ ಶಂಕುಕಾಯಿ ಬಿಡೋ ಮರ, ಒಂದೂ ಇಲ್ಲ. ಅವುಗಳ ಜಾಗದಲ್ಲಿ ತಾಳೆ ಜಾತಿಯವು, ಮತ್ತೆ ದ್ವಿದಳದ ಕುಟುಂಬದವು, ಅಂದ್ರೆ ನಮ್ಮ ಹುಣಸೆ, ಹೊಂಗೆ, ಅವರೆ, ತೊಗರಿ ಎಲ್ಲ ಸೇರೋ ಕುಟುಂಬ, ಅದರ ಚಿಕ್ಕ ಚಿಕ್ಕ ಎಲೆಗಳು ಜಾತಿ ಮೇಲೆ ಜಾತಿ. ವಯೋಮಿಂಗ್‌ನಲ್ಲಿ! ಇವೆಲ್ಲ ದಕ್ಷಿಣದಿಂದ ನೂರಾರು ಮೈಲಿ ಮೇಲೆ ಬಂದಿದ್ವು. ಆಮೇಲೆ ಬಿಸಿ ಇಳಿದ್ಮೇಲೆ ಇವು ಹೋಗ್ತವೆ, ಹಳೇ ಮೆಟಾಸಿಕ್ವೋಯಾ, ಬರ್ಚ್ ಕುಟುಂಬದವು ಮತ್ತೆ ವಾಪಸ್ ಬರ್ತವೆ, ಜೊತೆಗೆ ದೂರದಿಂದ ಬಂದ ಒಂದಷ್ಟು ಹೊಸಬರು.

ಆ 1 ಲಕ್ಷಕ್ಕೂ ಹೆಚ್ಚು ವರ್ಷ ಅವು ಎಲ್ಲಿದ್ವು ಅನ್ನೋದೇ ನನ್ನ ತಲೆ ಕೊರೆದಿದ್ದು. ನಾಶ ಆಗಿದ್ರೆ ವಾಪಸ್ ಬರೋಕಾಗಲ್ಲ. ಅಂದ್ರೆ ಎಲ್ಲೋ ಬದುಕಿದ್ವು, ಉತ್ತರಕ್ಕೆ ಸರಿದಿರಬೇಕು, ಅಥವಾ ಬೇಸಿನ್ ಸುತ್ತ ಆಗಲೇ ಎದ್ದು ನಿಂತಿದ್ದ ಬೆಟ್ಟಗಳ ತಂಪಿಗೆ ಹತ್ತಿರಬೇಕು. ಮರ ನಡೆಯಲ್ಲ, ಬೀಜ ನಡೆಯತ್ತೆ. ಒಂದು ತಲೆಮಾರು ಇಲ್ಲಿ, ಮುಂದಿನದು ನೂರು ಮಾರು ಆಚೆ, ಹಕ್ಕಿ ಒಯ್ದ ಬೀಜ ಒಂದು ಹಳ್ಳ ದಾಟಿ, ಬಿಸಿಗೆ ದಕ್ಷಿಣದ ಅಂಚಲ್ಲಿ ಸಸಿ ಏಳೋದು ನಿಂತು ಉತ್ತರದ ಅಂಚಲ್ಲಿ ಎದ್ದು, ಹೀಗೆ ಸಾವಿರಾರು ವರ್ಷದಲ್ಲಿ ಇಡೀ ಕಾಡೇ ಗುಳೆ ಹೋಗತ್ತೆ. ಅದೂ ಎಲ್ಲ ಒಟ್ಟಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಲ್ಲ, ಒಂದೊಂದು ಜಾತಿ ತನ್ನ ತನ್ನ ವೇಗದಲ್ಲಿ ಹೋಗತ್ತೆ. ಕಾಡು ಅಂದ್ರೆ ಒಂದು ಊರಿನ ಥರ, ಕೆಲವರು ಹೋಗ್ತಾರೆ ಕೆಲವರು ಬರ್ತಾರೆ, ಹೆಸರು ಅದೇ ಇರತ್ತೆ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಇಲ್ಲಿ ಊರಿಗೆ ಊರೇ ಖಾಲಿ ಆಗಿ ಬೇರೆ ಜನ ಬಂದು ಕೂತು, ಅವರೂ ಎದ್ದು ಹೋಗಿ, ಮೂಲದವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಜಾಗಕ್ಕೆ ಬಂದಿದಾರೆ.

ಮೆಟಾಸಿಕ್ವೋಯಾ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಇದನ್ನ ಮೊದಲು ಗುರುತಿಸಿದ್ದು ಪಳೆಯುಳಿಕೆಯಾಗಿ, ಜಪಾನಿನ ಶಿಗೆರು ಮಿಕಿ ಅನ್ನೋರು 1941ರಲ್ಲಿ ಹೆಸರಿಟ್ರು, ಸತ್ತು ಹೋದ ಮರ ಅಂತಲೇ ಎಲ್ಲ ತಿಳಿದಿದ್ರು. ಅದೇ ದಶಕದಲ್ಲಿ ಚೀನಾದ ಒಂದು ಒಳನಾಡಿನ ಕಣಿವೇಲಿ ಜೀವಂತ ಮರಗಳು ಸಿಕ್ಕಿ, 1948ರಲ್ಲಿ ಹು ಮತ್ತು ಚೆಂಗ್ ಅದನ್ನ ಲೋಕಕ್ಕೆ ತಿಳಿಸಿದ್ರು. ಒಂದು ಕಾಲದಲ್ಲಿ ಉತ್ತರ ಧ್ರುವದ ಹತ್ರದ ದ್ವೀಪಗಳವರೆಗೂ ಹಬ್ಬಿದ್ದ ಮರ, ಕೊನೆಗೆ ಒಂದು ಕಣಿವೆ ಅದನ್ನ ಕಾಪಾಡಿಕೊಂಡು ಬಂತು.

ಸರಿ, ಎಲೆ ನೋಡಿ 5 ಡಿಗ್ರಿ ಅಂತ ಹೇಗೆ ಹೇಳ್ತಾರೆ ಅಂತ ಕೇಳಬಹುದು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಯಾಕಂದ್ರೆ ಇದಕ್ಕೆ ಮಷೀನ್ ಬೇಡ, ಕಣ್ಣು ಸಾಕು. 1915ರಲ್ಲೇ ಬೈಲಿ ಮತ್ತು ಸಿನಟ್ ಅನ್ನೋ ಇಬ್ರು ಗಮನಿಸಿದ್ರು, ಬಿಸಿ ಸೀಮೆಯ ಮರಗಳ ಎಲೆ ಅಂಚು ನಯ, ತಂಪು ಸೀಮೆಯ ಮರಗಳ ಎಲೆ ಅಂಚಲ್ಲಿ ಗರಗಸದ ಹಲ್ಲು. ನಿಮ್ಮ ಮನೆ ಸುತ್ತ ನೋಡಿ, ಮಾವು, ಹಲಸು, ನೇರಳೆ, ಸುರಹೊನ್ನೆ, ಒಂದಕ್ಕೂ ಹಲ್ಲಿಲ್ಲ, ಬೆರಳು ಎಳೆದ್ರೆ ಜಾರ್ಕೊಂಡು ಹೋಗತ್ತೆ. ಇಲ್ಲಿ ಡೆನ್ವರ್‌ನಲ್ಲಿ ಮಗಳು ಸ್ಕೂಲ್ ಪ್ರಾಜೆಕ್ಟ್‌ಗೆ ಆರಿಸಿ ತಂದ ಎಲೆ ನೋಡಿದ್ರೆ ಎಲ್ಮ್, ಬರ್ಚ್, ಆಸ್ಪೆನ್, ಕಾಟನ್‌ವುಡ್, ಎಲ್ಲಕ್ಕೂ ಹಲ್ಲು. ಒಂದು ಕಾಡಲ್ಲಿ ನಯ ಅಂಚಿನ ಜಾತಿಗಳು ಶೇಕಡಾ 3ರಷ್ಟು ಜಾಸ್ತಿ ಇದ್ರೆ ವರ್ಷದ ಸರಾಸರಿ ಉಷ್ಣಾಂಶ ಸುಮಾರು 1 ಡಿಗ್ರಿ ಜಾಸ್ತಿ ಅಂತ ಆಮೇಲೆ ಲೆಕ್ಕ ಹಾಕಿದ್ರು. ಹುಲ್ಲು, ಗಿಡಗಂಟೆ ಲೆಕ್ಕಕ್ಕಿಲ್ಲ, ಮರ ಮತ್ತು ಪೊದೆ ಮಾತ್ರ, ಅದೂ ಎಷ್ಟು ಎಲೆ ಅಂತಲ್ಲ ಎಷ್ಟು ಜಾತಿ ಅಂತ. ಅಂಚು ಹಲ್ಲಿದ್ರೆ ವಸಂತದ ಶುರುವಲ್ಲಿ ಎಳೆ ಎಲೆ ಬೇಗ ನೀರೆಳೆದು ಬೇಗ ಕೆಲಸ ಶುರು ಮಾಡತ್ತೆ ಅನ್ನೋದು ಒಂದು ವಿವರಣೆ, ತಂಪು ಕಡೆ ಬೇಸಿಗೆ ಚಿಕ್ಕದಲ್ವಾ, ತಡ ಮಾಡೋ ಹಾಗಿಲ್ಲ. ಮಳೆಗೂ ಹೀಗೇ ಒಂದು ಲೆಕ್ಕ ಇದೆ, ಮಳೆ ಜಾಸ್ತಿ ಇರೋ ಕಡೆ ಎಲೆ ಅಗಲ. ಬಿಗ್‌ಹಾರ್ನ್ ಎಲೆಗಳನ್ನ ಅಳೆದಾಗ ಬಿಸಿ ಕಾಲದ ಶುರುವಲ್ಲಿ ಮಳೆ ಶೇಕಡಾ 40ರಷ್ಟು ಕಮ್ಮಿ ಆಗಿ ಆಮೇಲೆ ಮತ್ತೆ ಸುಧಾರಿಸಿತ್ತು ಅಂತ ಸಿಕ್ತು. ಬಿಸಿಗಿಂತ ಈ ಒಣಗಿದ್ದೇ ಹಳೇ ಮರಗಳನ್ನ ಓಡಿಸಿರಬೇಕು ಅಂತ ನನಗನ್ಸತ್ತೆ, ಅವು ಕಾಲು ನೀರಲ್ಲಿಟ್ಟುಕೊಂಡು ಬದುಕೋ ಮರಗಳು.

ಇನ್ನು ಹುಳ. ಎಲೆನ್ ಕರಾನೊ ಅಂತ ಆಗ ಪಿಎಚ್‌ಡಿ ಮಾಡ್ತಿದ್ದ ಹುಡುಗಿ, ವಿಂಗ್ ಮತ್ತು ಇನ್ನಿತರರ ಜೊತೆ ಸೇರಿ ಇದೇ ಬೇಸಿನ್‌ನ 5,062 ಎಲೆಗಳನ್ನ ಒಂದೊಂದಾಗಿ ನೋಡಿದ್ಲು, ಹುಳ ತಿಂದ ಗುರುತು ಇದೆಯಾ, ಇದ್ರೆ ಎಂಥದ್ದು ಅಂತ. ತೂತು, ಅಂಚು ಕಚ್ಚಿದ್ದು, ಮೇಲಿನ ಹಸಿರು ಕೆರೆದು ಜಾಲರಿ ಮಾಡಿದ್ದು, ಎಲೆ ಒಳಗೇ ಹಾವಿನ ಥರ ಸುರಂಗ ಕೊರೆದಿದ್ದು, ಗಂಟು ಕಟ್ಟಿದ್ದು. 2008ರಲ್ಲಿ ಬಂದ ಫಲಿತಾಂಶ ಏನಂದ್ರೆ ಬಿಸಿ ಕಾಲದ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಿಂದಂಥವು, ಮುಂಚಿನವೂ ಆಮೇಲಿನವೂ ಅಷ್ಟಿಲ್ಲ. ಬಿಸಿ ಆದ್ರೆ ಹುಳದ ಸಂಸಾರ ಬೇಗ ಬೆಳೆಯತ್ತೆ, ದಕ್ಷಿಣದ ಹುಳಗಳು ಮರಗಳ ಹಿಂದೆನೇ ಮೇಲೆ ಬರ್ತವೆ. ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದ್ರೆ ಎಲೆ ಬೆಳೆಯತ್ತೆ ಆದ್ರೆ ಸಪ್ಪೆ ಆಗತ್ತೆ, ಸಾರಜನಕ ಕಮ್ಮಿ, ಹುಳಕ್ಕೆ ಹೊಟ್ಟೆ ತುಂಬಬೇಕು ಅಂದ್ರೆ ಇನ್ನಷ್ಟು ತಿನ್ಬೇಕು. ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದ್ರೆ ಗಿಡಕ್ಕೆ ಒಳ್ಳೇದೇ ಅಲ್ವಾ ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡೋ ಮಾತಿದೆಯಲ್ಲ, ಅದನ್ನ ಕೇಳ್ದಾಗೆಲ್ಲ ನನಗೆ ಈ ತಿಂದ ಎಲೆಗಳೇ ನೆನಪಾಗತ್ತೆ.

ಆ ದ್ವಿದಳದ ಎಲೆಯೊಂದರ ಫೋಟೋನ ನಾನು ಅಪ್ಪಯ್ಯನಿಗೆ ಕಳಿಸಿದ್ದೆ, ಏನೂ ಹೇಳದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು, "ಇದು ಹೊಂಗೆ ಎಲೆ ಇದ್ದಂಗೇ ಇದ್ದಲೆ ಕೂಸೇ, ಯಾರು ಕಲ್ಲಲ್ಲಿ ಕೆತ್ತಿದ್ದು?" ಅಂತ. ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ. ಅದು ಹೊಂಗೆ ಅಲ್ಲ, ಆದ್ರೆ ಹೊಂಗೆಯ ಕುಟುಂಬದ್ದೇ. ಹೇಗೆ ಗೊತ್ತಾಯ್ತು ಅಂದೆ. ಬುಡದ ಗಂಟು ನೋಡು ಅಂದ್ರು. ದ್ವಿದಳ ಜಾತಿಯ ಚಿಕ್ಕೆಲೆಗಳ ಬುಡದಲ್ಲಿ, ತೊಟ್ಟು ಸೇರೋ ಕಡೆ, ಒಂದು ಉಬ್ಬಿದ ಸುಕ್ಕು ಸುಕ್ಕಾದ ಕೀಲು ಇರತ್ತೆ. ಹುಣಸೆ ಎಲೆ ಸಂಜೆ ಆದ್ರೆ ಮುಚ್ಚಿಕೊಳ್ಳೋದು, ಮುಟ್ಟಿದರೆ ಮುನಿ ಮುದುಡೋದು, ಎಲ್ಲ ಆ ಕೀಲಿನ ಕೆಲಸ, ಅದರೊಳಗೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ್ರೆ ಎಲೆ ಮಡಚತ್ತೆ. ಕಲ್ಲಲ್ಲಿ ಅಚ್ಚಾದ ಎಲೇಲೂ ಆ ಕೀಲು ಹಾಗೇ ಕಾಣತ್ತೆ, ಕಪ್ಪಗೆ, ಅಡ್ಡ ಗೆರೆಗಳ ಸಮೇತ, ಎಳ್ಳಿನಷ್ಟು. ವಿಜ್ಞಾನಿಗಳು ಈ ಕುಟುಂಬನ ಗುರುತು ಹಿಡಿಯೋದೂ ಅದನ್ನೇ ನೋಡಿ. ಅಪ್ಪಯ್ಯ 7ನೇ ಕ್ಲಾಸ್‌ವರೆಗೆ ಓದಿದವರು.

ಅವತ್ತು ಗುಡ್ಡದ ಬುಡದಲ್ಲಿ ನಮಗೂ ಒಂದು ಎಲೆ ಸಿಕ್ತು. ಆ ಬಿಸಿ ಕಾಲದ್ದಲ್ಲ, ಅದಕ್ಕಿಂತ ಕೆಳಗಿನ ಬೂದು ಪದರದಿಂದ ಉರುಳಿ ಬಂದ ಕಲ್ಲು, ಮಳೆಗೆ ಚಕ್ಕೆ ಎದ್ದಿತ್ತು. ಮಗಳು ಉಗುರಲ್ಲಿ ಮೆಲ್ಲಗೆ ಮೀಟಿದ್ಲು, ಬಿಸ್ಕತ್ ಮುರಿದ ಹಾಗೆ ಎರಡು ಹೋಳಾಯ್ತು, ಒಳಗೆ ಕಂದು ಬಣ್ಣದ ಅರ್ಧ ಎಲೆ, ನಡುನರ, ಅದರಿಂದ ಹೊರಟ ಪಕ್ಕದ ನರಗಳು, ಪ್ರತಿ ನರ ಅಂಚಿಗೆ ಹೋಗಿ ಒಂದೊಂದು ಹಲ್ಲಲ್ಲಿ ಮುಗಿಯತ್ತೆ. ಹಲ್ಲಿದೆ ಅಮ್ಮಾ, ಹಾಗಾದ್ರೆ ತಂಪಿತ್ತು ಅಂದ್ಲು ಅವಳೇ. ಹೌದು ಅಂದೆ. ಫೋಟೋ ತಗೊಂಡು ಎರಡು ಹೋಳನ್ನೂ ಜೋಡಿಸಿ ಅಲ್ಲೇ ಇಟ್ಟು ಬಂದ್ವಿ.

ಉಷ್ಣವಲಯದಲ್ಲಿ ಏನಾಯ್ತು ಅನ್ನೋದು ನಮಗೆ ಮುಖ್ಯ. ಮೊದಲೇ ಸೆಕೆ ಇರೋ ಕಡೆ ಇನ್ನೂ ಬಿಸಿಯಾದ್ರೆ ಕಾಡು ಸತ್ತೇ ಹೋಗತ್ತೆ ಅಂತ ಬಹಳ ಜನ ಭಾವಿಸಿದ್ರು. ಪನಾಮಾದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಲೋಸ್ ಹರಮಿಯೊ ತಂಡ ಕೊಲಂಬಿಯಾ ಮತ್ತು ವೆನಿಜುವೆಲಾದ ಅದೇ ಕಾಲದ ಮಣ್ಣಲ್ಲಿ ಪರಾಗದ ಕಣಗಳನ್ನ ಎಣಿಸಿ 2010ರಲ್ಲಿ ಹೇಳಿದ್ದು ಬೇರೆ, ಅಲ್ಲಿ ಉಷ್ಣಾಂಶ 3ರಿಂದ 5 ಡಿಗ್ರಿ ಏರಿದ್ರೂ ಕಾಡು ಸಾಯಲಿಲ್ಲ, ಜಾತಿಗಳು ಇನ್ನೂ ಹೆಚ್ಚಿದ್ವು. ನೀರು ಸಾಕಷ್ಟಿತ್ತು, ಅದೇ ಕೀಲಿಕೈ. ಸಮಾಧಾನ ಕೊಡೋ ಸುದ್ದಿ, ಆದ್ರೆ ಪೂರ್ತಿ ಸಮಾಧಾನ ಅಲ್ಲ, ಆ ಕಾಡನ್ನ ಕಡಿಯೋರು ಯಾರೂ ಇರ್ಲಿಲ್ಲ.

ನಮ್ಮ ನೆಲದಲ್ಲೂ ಸಾಕ್ಷಿ ಇದೆ. ಆಗ ಭಾರತ ಏಷ್ಯಾಕ್ಕೆ ಇನ್ನೂ ಪೂರ್ತಿ ಅಂಟಿರಲಿಲ್ಲ, ಭೂಮಧ್ಯರೇಖೆ ಹತ್ರ ಇತ್ತು. ಗುಜರಾತ್‌ನ ಸೂರತ್ ಹತ್ರ ವಸ್ತಾನ್ ಅಂತ ಲಿಗ್ನೈಟ್ ಗಣಿ, ಅಲ್ಲಿನ ಕಲ್ಲಿದ್ದಲ ನಡುವೆ ರಾಳದ ಗಟ್ಟಿಗಳು ಸಿಗ್ತವೆ, ಸುಮಾರು 5 ಕೋಟಿ ವರ್ಷ ಹಳೇವು, ಇನ್ನೊಂದು ಬಿಸಿ ಕಾಲದವು, ಒಳಗೆ ಹುಳ, ಇರುವೆ, ಜೇನಿನ ಜಾತಿ ಸಮೇತ. 2010ರಲ್ಲಿ ಅದರ ರಾಸಾಯನಿಕ ಪರೀಕ್ಷೆ ಪ್ರಕಟ ಆದಾಗ ಗೊತ್ತಾಗಿದ್ದು ಆ ರಾಳ ಡಿಪ್ಟೆರೊಕಾರ್ಪ್ ಕುಟುಂಬದ ಮರಗಳದ್ದು ಅಂತ. ಇದು ನಮ್ಮ ಧೂಪದ ಮರದ ಕುಟುಂಬ, ದಕ್ಷಿಣ ಕನ್ನಡದಲ್ಲಿ ಸಾಲುಧೂಪ ಅಂತ ರಸ್ತೆ ಬದಿ ನೆಟ್ಟಿದಾರಲ್ಲ ಅದೇ. ಕಾಡಲ್ಲಿ ಮರದ ಗಾಯದಿಂದ ಇಳಿದು ಗಟ್ಟಿಯಾದ ಧೂಪನ ಸಂಜೆ ಕೆಂಡದ ಮೇಲೆ ಹಾಕಿದ್ರೆ ಮನೆ ತುಂಬೋ ಆ ವಾಸನೆ, ಅದೇ ಕುಟುಂಬದ ರಾಳ ಸೂರತ್ ಹತ್ರ ಕಾಡಾಗಿದ್ದಾಗ ಸುರಿದಿತ್ತು. ಬಿಕಾನೇರ್‌ನ ಲಿಗ್ನೈಟ್ ಗಣೀಲೂ ಆ ಕಾಲದ ಮಳೆಕಾಡಿನ ಎಲೆಗಳಿವೆ, ರಾಜಸ್ಥಾನದ ಮರಳುಗಾಡಲ್ಲಿ! ಬಿಸಿಯನ್ನ ತಡ್ಕೊಂಡ ಆ ಮರಗಳನ್ನ ಆಮೇಲೆ ಬಂದ ಒಣಹವೆ ಪಶ್ಚಿಮ ಭಾರತದಿಂದ ಅಳಿಸಿತು, ಮಳೆ ಹಿಡಿದು ನಿಲ್ಲಿಸೋ ಘಟ್ಟದಲ್ಲಿ ಆ ಕುಟುಂಬದವು ಉಳ್ಕೊಂಡ್ವು. ಚೀನಾದ ಕಣಿವೆ ಮೆಟಾಸಿಕ್ವೋಯಾಕ್ಕೆ ಏನಾಯ್ತೋ ನಮ್ಮ ಘಟ್ಟ ಧೂಪದ ಮರಕ್ಕೆ ಅದೇ ಆಯ್ತು.

ಈಗಿನ ಮಾತಿಗೆ ಬಂದ್ರೆ ನನಗೆ ಭಯ ಆಗೋದು ಡಿಗ್ರಿ ಲೆಕ್ಕಕ್ಕಲ್ಲ, ಸಮಯದ ಲೆಕ್ಕಕ್ಕೆ. ಆಗ ಕಾರ್ಬನ್ ಸೇರಿದ್ದು ವರ್ಷಕ್ಕೆ 100 ಕೋಟಿ ಟನ್ ಆಸುಪಾಸು ಅಂತ 2016ರ ಒಂದು ಲೆಕ್ಕ ಹೇಳತ್ತೆ, ನಾವೀಗ ಸೇರಿಸ್ತಿರೋದು ಅದರ ಹತ್ತು ಪಟ್ಟು. ಬಿಗ್‌ಹಾರ್ನ್ ಮರಗಳಿಗೆ ಸಾವಿರಾರು ವರ್ಷ ಸಿಕ್ತು, ಹೋಗೋಕೆ ದಾರಿಯೂ ಇತ್ತು, ನಡುವೆ ಹೈವೇ ಇಲ್ಲ, ಊರಿಲ್ಲ, ಗದ್ದೆ ತೋಟ ಇಲ್ಲ. ಧೂಪದ ಮರದ ಬೀಜ ನೋಡಿದೀರಾ, ಮುಷ್ಟಿಲಿ ಹಿಡಿಯೋ ಅಂಥ ದಪ್ಪ ಕಾಯಿ, ರೆಕ್ಕೆ ಇಲ್ಲ, ಮರದ ಬುಡದಲ್ಲೇ ಬೀಳತ್ತೆ, ಮಳೆಗಾಲದಲ್ಲಿ ಬಿದ್ದ ಕೂಡ್ಲೇ ಮೊಳಕೆ ಒಡೆಯತ್ತೆ, ಕಾದು ಕೂರೋ ಬೀಜ ಅಲ್ಲ. ಅದು ಎಷ್ಟು ದೂರ ನಡೆದೀತು? ಅಪ್ಪಯ್ಯನ ಸೊಪ್ಪಿನಬೆಟ್ಟದ ಒಂದು ಕಡೆ ಅಕೇಶಿಯಾ ನೆಡುತೋಪು, ಇನ್ನೊಂದು ಕಡೆ ರಸ್ತೆ, ಕೆಳಗೆ ಅಡಿಕೆ ತೋಟ. ಕೊಡಚಾದ್ರಿ ತುದೀಲಿ ತಂಪಲ್ಲಿ ನಿಂತಿರೋ ಆ ಕುಳ್ಳ ಮರಗಳ ಕಾಡು, 1,343 ಮೀಟರ್, ಅದರ ಮೇಲೆ ಆಕಾಶ.

ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ವಿ. ಅಪ್ಪಯ್ಯನಿಗೆ ಈಗ ಬೆಟ್ಟ ಹತ್ತೋಕೆ ಕಷ್ಟ, ಆದ್ರೂ ಮೊಮ್ಮಗಳ ಕೈ ಹಿಡಿದು ಹೊರಟ್ರು, ಅಕೇಶಿಯಾ ಅಂಚಿನವರೆಗೂ ಹೋಗಿ ತೋರಿಸಿದ್ರು, ಹೋದ ಮಳೆಗಾಲದಲ್ಲಿ ಬೆಟ್ಟದ ಮೇಲಿನ ಅಂಚಲ್ಲಿ 14 ಧೂಪದ ಸಸಿ ನೆಟ್ಟಿದಾರೆ, ನಾನು ಫೋನಲ್ಲಿ ವಯೋಮಿಂಗ್ ಕಥೆ ಹೇಳಿದ ಮೇಲೆ. ಬೀಜ ನಡೆಯಲ್ಲ ಅಂದ್ರೆ ನಾವೇ ಹೊತ್ತು ತರೋದು ಅಂತ ಅಷ್ಟೇ ಹೇಳಿದ್ರು. 14ರಲ್ಲಿ 9 ಬದುಕಿದಾವೆ. ಇಳಿದು ಬರೋ ಹೊತ್ತಿಗೆ ಕತ್ತಲಾಗ್ತಿತ್ತು, ಅಂಗಳದ ಆಚೆ ಹುಣಸೆ ಮರದ ಎಲೆ ಮುಚ್ಚೋಕೆ ಶುರುವಾಗಿತ್ತು, ಮಗಳು ಒಂದು ಚಿಕ್ಕ ಟೊಂಗೆ ಬಗ್ಗಿಸಿ ಎಲೆಯ ಬುಡದ ಕೀಲನ್ನ ಬೆರಳ ತುದೀಲಿ ಮುಟ್ಟಿ ಮುಟ್ಟಿ ನೋಡ್ತಾ ನಿಂತಿದ್ಲು.